ಮೆಣಸಿನಕಾಯಿ ಹಾಸಿದ ಬೀದಿ

ಅವಸರದ ಜನರನ್ನು ಕಂಡರೆ ಚಂದ್ರಬಾಯಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಾಯಿ ಬೆನ್ನತ್ತಿದವನು ಓಡಬೇಕು, ಹೊಟ್ಟೆ ಕೆಟ್ಟವನು ಓಡಬೇಕು, ಉಳಿದವರಿಗೆ ಓಡುವಂಥ ದರ್ದು ಏನಿದೆ ಎಂಬುದು ಅವಳ ವಾದ. ಘಣಸೋಲಿಯ ಹಳೆಯ ಊರು ಮುಗಿದು ಹೊಸ ಸೆಕ್ಟರು ಶುರುವಾಗುವ ಕಡೆ ಅವಳ ಒಂದು ಕೋಣೆಯ ಖೋಲಿ. ಬೀದಿಯ ಈ ಬದಿಗೆ ಮೂಲನಿವಾಸಿ ಆಗ್ರಿ ಜನರ ಮನೆಗಳು, ಅವರು ಬಾಡಿಗೆಗೆ ಕಟ್ಟಿಸಿದ ಖೋಲಿಗಳು. ಆ ಬದಿಗೆ ಲಿಫ್ಟಿರುವ ಕಟ್ಟಡಗಳು. ಅವಳ ಬಾಗಿಲು ದಾಟಿದರೆ ಎರಡು ಮೆಟ್ಟಿಲು, ಮೆಟ್ಟಿಲಿಳಿದರೆ ರಸ್ತೆ. ಒಲೆಯ ಝಳಕ್ಕೆ ಬಾಗಿಲು ಮುಚ್ಚುವಂತಿರಲಿಲ್ಲ. ಹಾಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಜೋಳದ ರೊಟ್ಟಿ ಬಡಿಯುತ್ತ ಕೂತ ಅವಳ ಕಣ್ಣೆದುರೇ ಇಡೀ ಬೀದಿ ಹಾದುಹೋಗುತ್ತಿತ್ತು. ಬಡಿಯುವ ಕೈಯ ಲಯ ತಪ್ಪದಂತೆಯೇ ಅವಳು ಹಾದುಹೋಗುವವರ ಜನ್ಮ ಜಾಲಾಡುತ್ತಿದ್ದಳು.

ಅವಳು ಇಂಡಿ ತಾಲ್ಲೂಕಿನವಳು. ಮದುವೆಯಾದ ವರ್ಷವೇ ಗಂಡ ವಿಠಲನ ಹಿಂದೆ ಸೋಲಾಪುರದಲ್ಲಿ ರೈಲು ಹತ್ತಿ ಬಂದಳು. ವಿಠಲ ಕೆಲವು ವರ್ಷ ಭಿವಂಡಿಯ ಗೋದಾಮುಗಳಲ್ಲಿ ಹಮಾಲಿ ಮಾಡಿದ. ಆಮೇಲೆ ಗಂಡಹೆಂಡತಿ ಇಬ್ಬರೂ ಇಲ್ಲಿಯ ಕಟ್ಟಡ ಕೆಲಸಕ್ಕೆ ಸೇರಿದರು. ಈಗ ಅವಳ ಖೋಲಿಯ ಎದುರು ನಿಂತಿರುವ ಏಳಂತಸ್ತಿನ ಕಟ್ಟಡಕ್ಕೆ ಮರಳು ಹೊತ್ತವರಲ್ಲಿ ಅವಳೂ ಒಬ್ಬಳು. ಗಿಲಾವು ಕೂಡ ಇಲ್ಲದೆ ಇಟ್ಟಿಗೆ ಬಿಟ್ಟುಕೊಂಡು ನಿಂತಿದ್ದಾಗ ಆ ಕಟ್ಟಡವನ್ನು ನೋಡಿದವಳಿಗೆ ಈಗಿನ ಅದರ ಬಣ್ಣ, ಗಾಜು, ಗೇಟಿನ ವಾಚ್‌ಮನ್ನನ ಟೋಪಿ ಯಾವುದರ ಮೇಲೂ ಭಕ್ತಿ ಹುಟ್ಟಲಿಲ್ಲ. ವಿಠಲನ ನಡು ಹೋದ ಮೇಲೆ ಅವನು ಬೀದಿಯ ಕೊನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದ. ಅವಳು ರೊಟ್ಟಿಗೆ ಕೂತಳು. ಮಗಳು ಮದುವೆಯಾಗಿ ಕಳವಾ ಎಂಬ ಊರಿನಲ್ಲಿದ್ದಾಳೆ. ವಿಠಲ ಯಾರಿಗೂ ಎದುರಾಡದ ಮನುಷ್ಯ. ಏನೇ ಆದರೂ ‘ಹೋಗ್ಲಿ ಬಿಡು’ ಅನ್ನುವುದು ಅವನ ಬಾಯಿಪಾಠ. ಆ ಒಂದು ಮಾತಿಗಾಗಿಯೇ ಚಂದ್ರಬಾಯಿ ಅವನನ್ನೂ ಅಷ್ಟಿಷ್ಟು ಕೀಳಾಗಿಯೇ ಕಾಣುತ್ತಿದ್ದಳು.

ಬೀದಿ ಮೊದಲು ಹೀಗಿರಲಿಲ್ಲ. ದೊಡ್ಡ ರಸ್ತೆಯನ್ನು ಯಾವುದೋ ಪೈಪಿಗಾಗಿ ಅಗೆದು ಹಾಗೇ ಬಿಟ್ಟ ಮೇಲೆ, ಜನರ ಫೋನುಗಳು ಈ ಬೀದಿಯನ್ನು ಒಳದಾರಿ ಎಂದು ತೋರಿಸತೊಡಗಿದವು. ಅಂದಿನಿಂದ ಬಂದದ್ದೇ ಬಂದದ್ದು. ಆಫೀಸಿಗೆ ತಡವಾದ ಕಾರುಗಳು, ಮಕ್ಕಳನ್ನು ಕುರಿಗಳ ಹಾಗೆ ತುಂಬಿದ ಶಾಲೆಯ ವ್ಯಾನುಗಳು, ನೀರು ಚೆಲ್ಲುತ್ತ ಬರುವ ಟ್ಯಾಂಕರುಗಳು, ಬೆನ್ನ ಮೇಲೆ ಚೌಕದ ಚೀಲ ಹೊತ್ತ ಡೆಲಿವರಿ ಬೈಕುಗಳು. ಕಾಲುದಾರಿ ಎಂಬುದು ಆ ಬೀದಿಗೆ ಇರಲಿಲ್ಲ. ಮನುಷ್ಯರು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ನಡೆಯಬೇಕಾಯಿತು.

“ಹೊಂಟಾನ ನೋಡು ದೊಡ್ಡ ದೇಸಾಯಿ,” ಎನ್ನುವಳು ಚಂದ್ರಬಾಯಿ, ಹಾರ್ನು ಹೊಡೆಯುತ್ತ ಹೋದ ಕಾರಿನವನನ್ನು ಕಂಡು. “ಇಂವ ಹೋಗಿ ದೀಪಾ ಹಚ್ಚಿದ್ರನ ಊರಾಗ ಬೆಳಕ.” ಬೈಕಿನವರ ಮೇಲೆ ಅವಳಿಗೆ ಇನ್ನೂ ತಾತ್ಸಾರ. ಎದುರಿನ ಕಾರಿಗೆ ಜಾಗ ಬಿಡದೆ, ಹಿಂದೆಯೂ ಸರಿಯದೆ, ಮೂತಿಗೆ ಮೂತಿ ಹಚ್ಚಿ ನಿಂತು ಬೈದಾಡುವವರನ್ನು ಅವಳು ಕೋಣಗಳಿಗೂ ಹೋಲಿಸುತ್ತಿರಲಿಲ್ಲ. ಕೋಣಕ್ಕೆ ಹಿಂದೆ ಸರಿಯಲು ಬರುತ್ತದೆ ಎನ್ನುತ್ತಿದ್ದಳು.

ಎದುರು ಕಟ್ಟಡದ ಸುಂದರಿ ಟೀಚರು ಬಿದ್ದದ್ದು ಸಂಕ್ರಾಂತಿ ಕಳೆದ ಮೇಲೆ. ಉಡುಪಿ ಕಡೆಯವರು. ಇಲ್ಲಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ವಾರಕ್ಕೊಮ್ಮೆ ರೊಟ್ಟಿಗೆ ಬಂದಾಗ ಮೆಟ್ಟಿಲ ಮೇಲೆ ಕೂತು ಮಾತಾಡಿ ಹೋಗುವರು. ಇಡೀ ಕಟ್ಟಡದಲ್ಲಿ ಚಂದ್ರಬಾಯಿ ‘ಅಕ್ಕಾರ’ ಎಂದು ಕರೆಯುತ್ತಿದ್ದುದು ಅವರೊಬ್ಬರನ್ನೇ. ಅವತ್ತು ರೊಟ್ಟಿಯ ಕಟ್ಟು ಹಿಡಿದು ರಸ್ತೆ ದಾಟುವಾಗ ಒಂದು ಬೈಕಿನ ಕನ್ನಡಿ ಅವರ ಚೀಲಕ್ಕೆ ಸಿಕ್ಕಿಕೊಂಡಿತು. ಸುಂದರಿ ಟೀಚರು ಗಿರ್ರನೆ ತಿರುಗಿ ಬಿದ್ದರು. ಮುಂಗೈ ಮೂಳೆ ಮುರಿಯಿತು. ಬೈಕಿನವನು ಸ್ವಲ್ಪ ಮುಂದೆ ಹೋಗಿ ನಿಂತ. ಅಷ್ಟಾದರೂ ಮನುಷ್ಯತ್ವ ಇದೆಯಲ್ಲ ಎಂದು ಚಂದ್ರಬಾಯಿ ಅಂದುಕೊಳ್ಳುವಷ್ಟರಲ್ಲಿ ಅವನು ಓರೆಯಾದ ಕನ್ನಡಿಯನ್ನು ನೆಟ್ಟಗೆ ಮಾಡಿಕೊಂಡು, ಅದರಲ್ಲಿ ಒಮ್ಮೆ ಮುಖ ನೋಡಿಕೊಂಡು, ಹೊರಟುಹೋದ.

ಇದಾದ ಮೇಲೆ ಕಟ್ಟಡದವರು ಮೀಟಿಂಗು ಕರೆದರು. ಸೊಸೈಟಿಯ ಚೇರ್ಮನ್ ದಯಾನಂದ, ಹೋಟೆಲು ನಡೆಸಿ ಈಗ ಮಗನಿಗೆ ವಹಿಸಿಕೊಟ್ಟು ಆರಾಮವಾಗಿದ್ದ ದಕ್ಷಿಣ ಕನ್ನಡದ ಮನುಷ್ಯ. ಗೇಟಿನ ಒಳಗೆ ಕುರ್ಚಿ ಹಾಕಿಸಿ, ಬೀದಿಯವರನ್ನೂ ಕರೆಸಿ, ಮೈಕಿನಲ್ಲಿ ಮಾತಾಡಿದ. ಹಿರಿಯರ ಜೀವಕ್ಕೆ ಬೆಲೆ ಇಲ್ಲವೇ, ಮಕ್ಕಳ ಗತಿ ಏನು, ಈ ವೇಗದ ಹುಚ್ಚಿಗೆ ಕಡಿವಾಣ ಬೇಡವೇ ಎಂದು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಕೇಳಿದ. ಚಪ್ಪಾಳೆ ಬಿತ್ತು. ರಸ್ತೆ ಸುರಕ್ಷತೆಗೆ ಒಂದು ವಾಟ್ಸಪ್ ಗುಂಪು ಹುಟ್ಟಿತು. ಮುರಿದ ಕೈಗೆ ಜೋಳಿಗೆ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ಸುಂದರಿ ಟೀಚರಿಗೆ ಮಾತಾಡಲು ಯಾರೂ ಹೇಳಲಿಲ್ಲ. ಹೂಗುಚ್ಛ ಕೊಟ್ಟರು. ಗುಚ್ಛ ಹಿಡಿಯಲು ಅವರಿಗೆ ಒಂದೇ ಕೈ ಇತ್ತು. ಅದರಲ್ಲಿ ಆಗಲೇ ಚಹಾದ ಕಪ್ಪು ಕೊಟ್ಟಿದ್ದರು.

ಚುನಾವಣೆಗೆ ನಿಲ್ಲುವ ಆಸೆಯಿದ್ದ ಸ್ಥಳೀಯ ಮುಖಂಡನೊಬ್ಬನಿಗೆ ಸುದ್ದಿ ಮುಟ್ಟಿತು. ಮಾರನೆಯ ವಾರವೇ ತಿರುವಿನಲ್ಲಿ ಒಂದು ಬ್ಯಾನರು ಎದ್ದಿತು. ಅದರ ತುಂಬ ಅವನ ಮುಖ, ಮುಗಿದ ಕೈ, ಕೊರಳಲ್ಲಿ ಬಂಗಾರ. ಕೆಳಗೆ ಇರುವೆ ಸಾಲಿನಷ್ಟು ಅಕ್ಷರದಲ್ಲಿ, ವಾಹನ ಸಾವಕಾಶ ಓಡಿಸಿ ಎಂದು. ಬ್ಯಾನರು ಎಷ್ಟು ದೊಡ್ಡದಿತ್ತೆಂದರೆ ತಿರುವಿನ ಆಚೆಯಿಂದ ಬರುವ ಗಾಡಿ ಕಾಣದಂತಾಯಿತು. ಅವನನ್ನು ಓದುತ್ತ ನಿಂತರೆ ಹೆಣ ಬೀಳುತ್ತದೆ ಎಂದಳು ಚಂದ್ರಬಾಯಿ. ಆಮೇಲೆ ಹಳದಿ ಕಪ್ಪು ಪ್ಲಾಸ್ಟಿಕ್ಕಿನ ಉಬ್ಬು ತಂದು ರಸ್ತೆಗೆ ಮೊಳೆ ಹೊಡೆದರು. ಫೋಟೋ ತೆಗೆದುಕೊಂಡರು. ಟ್ಯಾಂಕರುಗಳ ತುಳಿತಕ್ಕೆ ಅದರ ತುಂಡುಗಳು ಒಂದೊಂದಾಗಿ ಕಿತ್ತುಬಂದವು. ಬೈಕಿನವರು ಆ ಸಂದಿಗೆ ಗುರಿಯಿಟ್ಟು ಮೊದಲಿಗಿಂತ ಜೋರಾಗಿ ನುಗ್ಗತೊಡಗಿದರು. ಕಿತ್ತ ತುಂಡುಗಳನ್ನು ಕಟ್ಟಡದವರೇ ಒಯ್ದು ತಮ್ಮ ಕಾರಿನ ಗಾಲಿಗೆ ಅಡ್ಡ ಕೊಟ್ಟುಕೊಂಡರು. ಸರಿಯಾದ ಡಾಂಬರಿನ ಉಬ್ಬು ಬೇಕೆಂದು ವಾರ್ಡ್ ಕಚೇರಿಗೆ ಕೇಳಿದ್ದಕ್ಕೆ, ಅಲ್ಲಿ ಅಪಘಾತ ಆದ ದಾಖಲೆ ಇಲ್ಲ ಎಂದರಂತೆ.

ಏಪ್ರಿಲ್ ಬಂತು. ಬೀದಿಯ ಆಗ್ರಿ ಮನೆಗಳಲ್ಲಿ ವರ್ಷದ ಮಸಾಲೆಗೆ ಮೆಣಸಿನಕಾಯಿ ಒಣಗಿಸುವ ಕಾಲ. ಚಂದ್ರಬಾಯಿಯ ಮನೆಯೊಡತಿ ಬೇಬಿತಾಯಿ ಮ್ಹಾತ್ರೆ, ಮೂಗಿನ ತುಂಬ ನತ್ತಿನ, ಗಂಡಸರ ದನಿಯ ಹೆಂಗಸು, ಮೂಟೆಗಟ್ಟಲೆ ಮೆಣಸಿನಕಾಯಿ ತರಿಸಿದ್ದಳು. ಆದರೆ ಆ ವರ್ಷ ಅವಳ ಮಾಳಿಗೆಯ ತುಂಬ ಮೊಬೈಲ್ ಟವರಿನವರು ಕಬ್ಬಿಣ ನೆಟ್ಟು ಬೇಲಿ ಹಾಕಿದ್ದರು. ಎಲ್ಲಿ ಒಣಗಿಸುವುದು ಎಂದು ಬೇಬಿತಾಯಿ ಸೊಂಟಕ್ಕೆ ಕೈಕೊಟ್ಟು ನಿಂತಾಗ ಚಂದ್ರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ರಸ್ತೆ ನೋಡಿದಳು. ಅವಳ ಊರ ಕಡೆ ಸುಗ್ಗಿಯಲ್ಲಿ ತೊಗರಿ, ಕಡಲೆ, ಜೋಳದ ತೆನೆ ಎಲ್ಲವನ್ನೂ ಡಾಂಬರು ರಸ್ತೆಗೇ ತಂದು ಹರವುತ್ತಾರೆ. ಲಾರಿಯವರು ಬೈಯುತ್ತಲೇ ನಿಧಾನ ಮಾಡುತ್ತಾರೆ. ಗಾಲಿಯ ತುಳಿತಕ್ಕೆ ಕಾಳು ಬೇರೆಯಾಗುತ್ತದೆ.

“ಇಷ್ಟ ಅಗಲ ರಸ್ತೆ ಇದೆಯಲ್ಲ ತಾಯಿ, ಇವರಪ್ಪನದಾ?” ಎಂದು ತನ್ನ ಮುರುಕು ಮರಾಠಿಯಲ್ಲಿ ಕೇಳಿದಳು.

ಬೇಬಿತಾಯಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಆ ಇಡೀ ನೆಲ ಒಂದು ಕಾಲಕ್ಕೆ ತನ್ನ ಮಾವನ ಭತ್ತದ ಗದ್ದೆ ಎಂಬುದನ್ನು ಅವಳು ಎಂದೂ ಮರೆತವಳಲ್ಲ. ಮರುದಿನ ಬಿಸಿಲೇರುವ ಹೊತ್ತಿಗೆ ಬೀದಿಯ ಎರಡೂ ಬದಿಗೆ ತಾಡಪತ್ರಿ ಬಿದ್ದವು, ಮೇಲೆ ಕೆಂಪಗೆ ಮೆಣಸಿನಕಾಯಿ. ನಡುವೆ ಒಂದು ಗಾಡಿ ಹೋಗುವಷ್ಟು ದಾರಿ. ನೋಡಿದ ಉಳಿದ ಮನೆಯವರೂ ತಂದು ಹರವಿದರು. ಮೊದಲು ಬಂದ ರಿಕ್ಷಾದವನು ಲೆಕ್ಕಿಸದೆ ಮೇಲೆಯೇ ಹಾಯಿಸಿದ. ಒಣಗಿದ ಕಾಯಿಗಳು ಪಟಪಟ ಒಡೆದು ಘಾಟು ಎದ್ದಿತು. ಅವನು ಸೀನುತ್ತ, ಅವನ ಗಿರಾಕಿ ಕೆಮ್ಮುತ್ತ, ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ತಿರುವು ದಾಟಿದರು. ಆಮೇಲೆ ಯಾರೂ ಹಾಯಿಸಲಿಲ್ಲ. ಕಾರುಗಳು ಬಾಣಂತಿಯ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಂದವು. ಎದುರಿನಿಂದ ಇನ್ನೊಂದು ಬಂದರೆ ನಿಂತವು. ಮುದುಕಿಯ ಕೈ ಮುರಿದಾಗ ಕಲಿಯದ ಸಂಯಮವನ್ನು ಇವರೆಲ್ಲ ತಮ್ಮ ಸ್ವಂತ ಮೂಗಿಗಾಗಿ ಒಂದೇ ದಿನದಲ್ಲಿ ಕಲಿತದ್ದು ಕಂಡು ಚಂದ್ರಬಾಯಿಗೆ ಸಂತೋಷವಾಗಲಿಲ್ಲ. ಜನ ಎಂದರೆ ಇಷ್ಟೇ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಈಗ ಖಾತ್ರಿಯಾಯಿತು.

ಸುಂದರಿ ಟೀಚರು ಎಷ್ಟೋ ದಿನಗಳ ನಂತರ ಒಬ್ಬರೇ ರಸ್ತೆ ದಾಟಿ ಬಂದು ಮೆಟ್ಟಿಲ ಮೇಲೆ ಕೂತರು. ದಯಾನಂದನೂ ಬಂದ. ಅವನಿಗೆ ಕಾರು ಹೊರಗೆ ತೆಗೆಯಲು ತೊಂದರೆಯಾಗುತ್ತಿತ್ತು. ರಸ್ತೆ ಸಾರ್ವಜನಿಕರದ್ದು, ಇದೆಲ್ಲ ಸರಿಯಲ್ಲ, ಸೆಕ್ಟರಿನ ಹೆಸರು ಕೆಡುತ್ತದೆ ಎಂದ. ಚಂದ್ರಬಾಯಿ ಅವನ ಮಾತು ಮುಗಿಯುವವರೆಗೂ ಒಲೆಯ ಉರಿಯನ್ನೇ ನೋಡುತ್ತಿದ್ದಳು. ಅವನು ಹೋದ ಮೇಲೆ ರೊಟ್ಟಿ ಮಗುಚಿದಳು.

ಒಂದು ಮಧ್ಯಾಹ್ನ ಆದದ್ದು ಮಾತ್ರ ಅವಳ ಲೆಕ್ಕದಲ್ಲಿರಲಿಲ್ಲ. ಡೆಲಿವರಿ ಬೈಕೊಂದು ತಿರುವಿನಿಂದ ಹಾರಿಬಂತು. ನಡುವಿನ ದಾರಿಯಲ್ಲಿ ಎದುರಿಗೆ ವ್ಯಾನು. ಅವನು ಬ್ರೇಕು ಹಾಕಿ ಪಕ್ಕಕ್ಕೆ ಎಳೆದ. ಗಾಲಿ ತಾಡಪತ್ರಿಯ ಮೇಲೆ ಹತ್ತಿ, ಬೈಕು ಒಂದು ಕಡೆ ಜಾರಿ, ಅವನು ಮೆಣಸಿನಕಾಯಿಯ ಮೇಲೆ ಉದ್ದಕ್ಕೂ ಉಜ್ಜಿಕೊಂಡು ಹೋದ. ಚಂದ್ರಬಾಯಿ ಹಿಟ್ಟಿನ ಕೈಯಲ್ಲೇ ಎದ್ದಳು. ಇಂಥ ಒಬ್ಬನಾದರೂ ಕೈಗೆ ಸಿಗಲಿ ಎಂದು ಅವಳು ತಿಂಗಳುಗಟ್ಟಲೆ ಕಾದಿದ್ದಳು. ನಾಲ್ಕು ಒಳ್ಳೆಯ ಹಿಂದಿ ಬೈಗುಳ ಜೋಡಿಸಿಕೊಂಡು ಮೆಟ್ಟಿಲಿಳಿದಳು. ಕಿತ್ತುಹೋದ ಮೊಣಕಾಲಿಗೆ ಖಾರ ಮೆತ್ತಿಕೊಂಡು ಬಿದ್ದವನು ಹೆಲ್ಮೆಟ್ಟಿನ ಒಳಗಿನಿಂದ ಕೂಗಿದ: “ಯಪ್ಪಾ, ಸತ್ತ್ನೆಪ್ಪಾ. ಯವ್ವಾ, ನೀರ್ ಹಾಕ್ರಿ.”

ಅವಳ ಹಿಂದಿ ಅಲ್ಲೇ ನಿಂತಿತು. “ಯಾ ಊರಂವ ನೀ?”

“ಅಫಜಲಪುರ,” ಎಂದ ಅವನು ಹಲ್ಲು ಕಚ್ಚಿ.

ಅವನ ಹೆಸರು ದಿಲೀಪ. ವಯಸ್ಸಿನ ಹುಡುಗನೇನಲ್ಲ, ಕಿವಿಯ ಬಳಿ ಕೂದಲು ನೆರೆತಿತ್ತು. ದೀಘಾದ ಕಡೆ ಒಂದು ಖೋಲಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಚಂದ್ರಬಾಯಿ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಕೊಡಗಟ್ಟಲೆ ನೀರು ಹಾಕಿದಳು. ಆಮೇಲೆ ಉರಿ ಆರಲೆಂದು ಮನೆಯಲ್ಲಿದ್ದ ಮಜ್ಜಿಗೆಯೆಲ್ಲ ಸುರಿದಳು. ಹಾಸಿದ್ದು ತಾನೇ ಎಂಬುದು ಒಳಗೆಲ್ಲೋ ಚುಚ್ಚುತ್ತಿತ್ತು. ಚುಚ್ಚಿದಷ್ಟೂ ಅವನನ್ನೇ ಬೈದಳು. ಕಣ್ಣು ಎಲ್ಲಿಟ್ಟಿದ್ದೆ, ಹೆಂಡತಿಯನ್ನು ಯಾರ ಮೇಲೆ ಹಾಕಿ ಹೋಗಬೇಕೆಂದಿದ್ದೆ ಎಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅಷ್ಟರಲ್ಲಿ ಅವನ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದರೆ, ಎಲ್ಲಿದ್ದೀಯ, ಹತ್ತು ನಿಮಿಷ ಎಂದಿತ್ತು, ಆಗಲೇ ಹದಿನೈದಾಯಿತು ಎಂದು ಹಿಂದಿಯಲ್ಲಿ ಗದರುವ ದನಿ. ಆ ದನಿಯನ್ನು ಚಂದ್ರಬಾಯಿ ಮೈಕಿನಲ್ಲಿ ಕೇಳಿದ್ದಳು.

“ಎದುರಿನ ಬಿಲ್ಡಿಂಗಿನಾಗ ನಾಕನೇ ಮಾಳಿಗಿ,” ಎಂದ ದಿಲೀಪ. “ತಡಾ ಆದ್ರ ಅವ್ರು ಕಂಪ್ಲೇಂಟ್ ಹಾಕ್ತಾರ್ರಿ. ನಾ ಹ್ಯಾಂಗರ ಮಾಡಿ ಹೋಗಿ ಬರ್ತೀನಿ.”

“ಕುಂಡ್ರು ಮುಚ್ಕೊಂಡು,” ಎಂದು ಚಂದ್ರಬಾಯಿ ಅವನ ಚೀಲಕ್ಕೆ ಕೈಹಾಕಿದಳು. ಒಳಗೆ ಒಂದು ಕಟ್ಟು ಕೊತ್ತಂಬರಿ, ಒಂದು ಸೋಡಾ ಬಾಟಲಿ, ಒಂದು ಡಬ್ಬಿ ಮೊಟ್ಟೆ. ಇಷ್ಟಕ್ಕಾಗಿ ಮನುಷ್ಯನೊಬ್ಬ ಕಾಲು ಕಿತ್ತುಕೊಂಡು ಬಿದ್ದಿದ್ದ. ಬೀದಿಯ ಮೂಲೆಯಲ್ಲೇ ತರಕಾರಿ ಗಾಡಿ ನಿಂತಿರುತ್ತಿತ್ತು; ಲಿಫ್ಟಿನಲ್ಲಿ ಇಳಿದು ಬಂದು ಕೊಳ್ಳಬಹುದಿತ್ತು.

ಅವಳು ಚೀಲ ಹಿಡಿದು ಹೊರಟಳು. ಅವಸರ ಮಾಡಲಿಲ್ಲ. ರಸ್ತೆ ದಾಟಿ, ನಿಂತು, ಸೆರಗು ಸರಿಮಾಡಿಕೊಂಡಳು. ಆ ಲಿಫ್ಟು ನಿಮಗಲ್ಲ, ಹಿಂದಿನದಕ್ಕೆ ಹೋಗಿ ಎಂದ ವಾಚ್‌ಮನ್ನನನ್ನು ದಾಟಿ ಮೆಟ್ಟಿಲು ಹಿಡಿದಳು. ಮರಳಿನ ಬುಟ್ಟಿ ಹೊತ್ತು ಹತ್ತುತ್ತಿದ್ದಾಗ ಈ ಮೆಟ್ಟಿಲುಗಳಿಗೆ ಕಟಕಟೆ ಕೂಡ ಇರಲಿಲ್ಲ. ಈಗ ಹಿಡಿಯಲು ಸ್ಟೀಲಿನ ಕಂಬಿ ಇತ್ತು, ಅವಳು ಹಿಡಿಯಲಿಲ್ಲ.

ಫೋನು ಕಿವಿಗಿಟ್ಟುಕೊಂಡೇ ದಯಾನಂದ ಬಾಗಿಲು ತೆರೆದ. “ನೀನ್ಯಾಕೆ ತಂದದ್ದು ಮಾರಾಯ್ತಿ? ಆ ಡೆಲಿವರಿಯವ ಎಲ್ಲಿ ಸತ್ತ?”

“ಇನ್ನಾ ಸತ್ತಿಲ್ಲರಿ ಸೇಟ್ರ. ಕೆಳಗ ಬಿದ್ದಾನ. ನಿಮಗ ಹತ್ತ್ ನಿಮಿಷದಾಗ ಕೊತಂಬ್ರಿ ಬೇಕಾಗಿತ್ತಂತಲ್ಲ, ಅದಕ್ಕ ಹಾರಿ ಬಂದ.”

“ಅದಕ್ಕೇ ನಾನು ಹೇಳಿದ್ದು, ರಸ್ತೆಯಲ್ಲಿ ಮೆಣಸು ಹಾಕಬೇಡಿ ಅಂತ. ಈಗ ಆಯ್ತಲ್ಲ?”

“ನಾ ಹಾಕಿದ್ದು ಖರೆ. ಇಲ್ಲಾ ಅನ್ನಂಗಿಲ್ಲ,” ಎಂದಳು ಚಂದ್ರಬಾಯಿ. “ಬೀದ್ಯಾಗ ಜೋರ್ ಓಡಸೋರ್ನ ತಡೀಬೇಕು ಅಂತ ಮೈಕಿನಾಗ ಅಂದಾವ್ರು ನೀವು. ಇಲ್ಲೆ ಕುಂತು ಅವರ್ನ ಓಡಸಾವ್ರೂ ನೀವ. ಹಂಗಾರ ನಾ ತಡೀಬೇಕಾಗಿದ್ದು ಯಾರ್ನ ಅಂತ ಹೇಳ್ರಿ.”

ದಯಾನಂದನ ಕಣ್ಣು ಮೊಟ್ಟೆಯ ಡಬ್ಬಿಯ ಮೇಲಿತ್ತು. ಅದನ್ನು ತೆರೆದು, ಎತ್ತಿ ಬೆಳಕಿಗೆ ಹಿಡಿದು, ಎರಡು ಒಡೆದಿವೆ ಎಂದ. ಬೆರಳು ಆಗಲೇ ಫೋನಿನ ಮೇಲೆ ದೂರಿನ ಗುಂಡಿ ಹುಡುಕುತ್ತಿತ್ತು. ಚಂದ್ರಬಾಯಿಗೆ ಸಿಟ್ಟು ಬರುವ ಬದಲು ಹಗುರವೆನ್ನಿಸಿತು. ಸಿಟ್ಟು ಮಾಡಲೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ.

“ಎಲ್ಲಾನೂ ಒಡದಾವಂತ ಬರೀರಿ,” ಎಂದಳು. “ಯಾರ್ ಬಂದು ಎಣಸ್ತಾರ.”

ಮುಂದೆ ದಯಾನಂದ ಎರಡು ದೂರು ಕೊಟ್ಟ. ಒಂದು ದಿಲೀಪನ ಮೇಲೆ, ಕಂಪನಿಗೆ. ಇನ್ನೊಂದು ಮೆಣಸಿನಕಾಯಿಯ ಮೇಲೆ, ವಾರ್ಡ್ ಕಚೇರಿಗೆ. ಮುದುಕಿ ಬಿದ್ದಾಗ ಬಾರದ ಕಚೇರಿಯವರು ಮೆಣಸಿನಕಾಯಿ ಎಂದ ಕೂಡಲೇ ವ್ಯಾನು ತೆಗೆದುಕೊಂಡು ಬಂದರು. ಬಿಳಿ ಪ್ಯಾಂಟಿನ ಅಧಿಕಾರಿ, ಜೊತೆಗೆ ನಾಲ್ಕು ಕೂಲಿಗಳು. ಬೇಬಿತಾಯಿ ಮತ್ತು ಹೆಂಗಸರು ತಾಡಪತ್ರಿಯ ಮೇಲೆಯೇ ಕೂರಲು ಸಿದ್ಧರಾದರು. ಆದರೆ ಚಂದ್ರಬಾಯಿ, ಯಾರೂ ಅಡ್ಡ ಬರಬೇಡಿ, ಸಾಹೇಬರು ರಸ್ತೆ ಸ್ವಚ್ಛ ಮಾಡಲಿ ಎಂದಳು. ತಾನೂ ಬಗ್ಗಿ ತಾಡಪತ್ರಿಯ ತುದಿ ಹಿಡಿದು ಕೊಟ್ಟಳು. ಮೆಣಸಿನಕಾಯಿಯೆಲ್ಲ ಗೋಡೆಯ ಬದಿಗೆ ಒಂದು ರಾಶಿಯಾಯಿತು. ರಸ್ತೆ ಮೊದಲಿನಷ್ಟು ಅಗಲವಾಯಿತು. ಅಧಿಕಾರಿ ಸೊಂಟದ ಮೇಲೆ ಕೈಯಿಟ್ಟು ನಡು ರಸ್ತೆಯಲ್ಲಿ ನಿಂತು, ಮೇಲೆ ಬಾಲ್ಕನಿಯಲ್ಲಿದ್ದ ದಯಾನಂದನಿಗೆ ಕೈ ಬೀಸಿದ.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ದಾರಿ ಬಿಡುವಾಗಿದ್ದು ಕಂಡ ನೀರಿನ ಟ್ಯಾಂಕರು ಹಳೆಯ ಪ್ರೀತಿಯಿಂದಲೇ ತಿರುವಿನಲ್ಲಿ ನುಗ್ಗಿತು. ಮುಖಂಡನ ಬ್ಯಾನರಿನ ಮರೆಯಿಂದ ಅದು ಹೊರಬಂದಾಗ ಅಧಿಕಾರಿಗೆ ಯೋಚಿಸಲು ಸಮಯವಿರಲಿಲ್ಲ. ಅವನು ಹಾರಿದ. ಹಾರಿದ ಕಡೆ ಇದ್ದದ್ದು ರಾಶಿ. ಟ್ಯಾಂಕರು ಹಾರ್ನು ಹೊಡೆದುಕೊಂಡು ಹೋದ ಮೇಲೆ ನೋಡಿದರೆ ಬಿಳಿ ಪ್ಯಾಂಟಿನವನು ಸೊಂಟದವರೆಗೆ ಮೆಣಸಿನಕಾಯಿಯಲ್ಲಿ ಕೂತು ಬಾಯಿ ತೆರೆದು ಗಾಳಿ ಹುಡುಕುತ್ತಿದ್ದ.

“ಲಾಗ್ಲಂ ಕಾ ಸಾಹೇಬ?” ಎಂದು ಬೇಬಿತಾಯಿ ಬಗ್ಗಿ ಕೇಳಿದಳು, ಪೆಟ್ಟಾಯಿತಾ ಎಂದು, ಸ್ವಂತ ಅಳಿಯನನ್ನು ಕೇಳುವ ಮಮತೆಯಿಂದ.

ಚಂದ್ರಬಾಯಿ ನೀರು ತಂದುಕೊಟ್ಟಳು. ನಗಲಿಲ್ಲ. ಅವನು ಸೀನುಗಳ ನಡುವೆ ಇಲ್ಲಿ ಹಂಪ್ ಯಾಕಿಲ್ಲ ಎಂದು ತನ್ನ ಕೂಲಿಗಳನ್ನೇ ಗದರಿಸಿದ. ವಾರ ಕಳೆಯುವುದರೊಳಗೆ ಡಾಂಬರಿನ ಎರಡು ಉಬ್ಬುಗಳು ಬಿದ್ದವು, ಬಿಳಿ ಪಟ್ಟಿಯನ್ನೂ ಎಳೆದರು. ಮುಖಂಡನ ಹಳೆಯ ಬ್ಯಾನರು ಇಳಿದು ತನಗೇ ಧನ್ಯವಾದ ಹೇಳಿಕೊಳ್ಳುವ ಹೊಸದು ಏರಿತು. ಚೇರ್ಮನ್ನರ ಸತತ ಪ್ರಯತ್ನದ ಫಲ ಎಂದು ಗುಂಪಿನಲ್ಲಿ ಬಂದಿದೆಯೆಂದು ಸುಂದರಿ ಟೀಚರು ಓದಿ ಹೇಳಿದಾಗ ಚಂದ್ರಬಾಯಿ ರಸ್ತೆಯ ಕಡೆ ತಿರುಗಿ ಉಗುಳಿದಳು. ಬೇರೆ ಅಭಿಪ್ರಾಯ ಅವಳಲ್ಲಿರಲಿಲ್ಲ.

ದಿಲೀಪನ ಕೆಲಸ ಕೆಲವು ದಿನ ನಿಂತಿತ್ತು. ಆರ್ಡರು ಬೇರೆಯವರ ಕೈಯಲ್ಲಿ ಕಳಿಸಿದ ತಪ್ಪಿಗೆ ಕಂಪನಿಯವರು ಅವನ ಐಡಿ ಮುಚ್ಚಿದ್ದರು. ಆ ದಿನಗಳಲ್ಲಿ ವಿಠಲ ಇಸ್ತ್ರಿ ಬಟ್ಟೆ ಕೊಡಲು ದೀಘಾದ ಕಡೆ ಹೋದಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಕೊಟ್ಟುಬಂದ. ಹೆಂಡತಿ ಹೇಳುವ ಮೊದಲೇ ಅವನು ಒಯ್ದಿದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಮೊಣಕಾಲಿಗೆ ಹೊಸ ತೊಗಲು ಬಂದ ಮೇಲೆ ದಿಲೀಪ ಒಂದು ದಿನ ಬೆಳಗ್ಗೆ ಖಾಲಿ ಡಬ್ಬಿ ಕೊಡಲು ಬಂದ. ಬೆನ್ನ ಮೇಲೆ ಮತ್ತೆ ಅದೇ ಚೌಕದ ಚೀಲ.

“ಮತ್ತ ಇದನ ಹೊತ್ತಿ?” ಎಂದಳು ಚಂದ್ರಬಾಯಿ. “ನಾಚಿಕಿ ಅನ್ನೂದು ಐತಿಲ್ಲ? ಬ್ಯಾರೆ ಏನರ ನೋಡ್ಕೊ.”

“ನೋಡೀನ್ರಿ ಚಿಗವ್ವ. ಗೋದಾಮಿನಾಗೂ ಇದ ಅವಸರ ಅದ. ಕಂಪನ್ಯಾಗೂ ಇದ ಅದ. ನಾ ಎಲ್ಲಿ ಹೋದ್ರೂ ಮ್ಯಾಲ ಕುಂತಾವ್ರಿಗಿ ಜಲ್ದಿ ಬೇಕು,” ಎಂದ ದಿಲೀಪ. ದೂರುವ ದನಿಯಲ್ಲೇನೂ ಹೇಳಲಿಲ್ಲ. ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದ.

ಚಂದ್ರಬಾಯಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಇಷ್ಟು ದಿನ ಹೆಲ್ಮೆಟ್ಟುಗಳನ್ನು ಬೈದಿದ್ದಳು, ಒಳಗೆ ಮುಖಗಳಿದ್ದವು. ಹಾಗೆಂದು ಎಲ್ಲರನ್ನೂ ಕ್ಷಮಿಸುವ ಜಾತಿಯವಳೂ ಅಲ್ಲ. ಕನ್ನಡಿ ನೋಡಿಕೊಂಡು ಹೋದವನೂ ಒಂದು ಹೆಲ್ಮೆಟ್ಟಿನೊಳಗೇ ಇದ್ದ. ಅವಳು ಡಬ್ಬಿಗೆ ಮತ್ತೆರಡು ರೊಟ್ಟಿ ಮಡಚಿ ಹಾಕಿ ಅವನ ಕೈಗಿಟ್ಟಳು.

“ಮೆಲ್ಲಕ ಹೋಗಪಾ,” ಎಂದಳು. ಬೈಗುಳವಿಲ್ಲದೆ ಆ ಮಾತನ್ನು ಅವಳು ಆ ಬೀದಿಯಲ್ಲಿ ಯಾರಿಗೂ ಹೇಳಿದ್ದಿಲ್ಲ.

ಉಬ್ಬುಗಳಿಂದ ಪೂರ್ತಿ ಗುಣವೇನೂ ಆಗಲಿಲ್ಲ. ಅವುಗಳ ಹತ್ತಿರ ಬಂದಾಗ ಎಲ್ಲರೂ ಸಾಧುಗಳಾಗುತ್ತಾರೆ, ದಾಟಿದ ಕೂಡಲೇ ಕಳೆದ ಹೊತ್ತನ್ನು ವಸೂಲು ಮಾಡುವವರ ಹಾಗೆ ಗಾಡಿ ಏರಿಸುತ್ತಾರೆ. ಆದರೂ ಅವಳ ಬಾಗಿಲ ಮುಂದಿನ ಅಷ್ಟು ನೆಲದಲ್ಲಿ ಸುಂದರಿ ಟೀಚರಂಥವರು ಈಗ ಗೋಡೆ ಬಿಟ್ಟು ನಡೆಯುತ್ತಾರೆ. ಕಾರಿನವರು, ಬೈಕಿನವರು, ಬಿಳಿ ಪ್ಯಾಂಟಿನವರು, ನಾಲ್ಕನೆಯ ಮಹಡಿಯ ದಯಾನಂದ ಕೂಡ, ಉಬ್ಬು ಹತ್ತಿ ಇಳಿಯುವಾಗ ಅವಳ ಹೊಸ್ತಿಲ ನೇರಕ್ಕೆ ಒಮ್ಮೆ ತಲೆ ಬಗ್ಗಿಸಿ ಹೋಗುತ್ತಾರೆ. ವಿಠಲ ಅದನ್ನು ನೋಡಿ ನಗುತ್ತಾನೆ. ಚಂದ್ರಬಾಯಿ ನೋಡುವುದಿಲ್ಲ. ಹಂಚಿನ ಮೇಲೆ ರೊಟ್ಟಿ ಇರುತ್ತದೆ, ಕಣ್ಣು ತೆಗೆದರೆ ಸೀದುಹೋಗುತ್ತದೆ.